ಕೈ ಕುದುರಿತ್ತು, ನೆನಪಿರಲಿಲ್ಲ

(ಒಂದು ಸಂಜೆ ಸಭೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಪರದೆಯ ಮೇಲೆ ಚಿತ್ರ ತೋರಿಸಿದ್ದ ಕಡೆ ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಮಧ್ಯಾಹ್ನ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ದೊಡ್ಡಪ್ಪನಿಗೆ ಆಗ 62 ವರ್ಷ. ಆರೋಗ್ಯವಾಗಿದ್ದರು. ಅವತ್ತು ಅಟ್ಟದ ಮೇಲಿದ್ದ ಭಾರದ ಪೆಟ್ಟಿಗೆಗಳನ್ನೆಲ್ಲ ಒಬ್ಬರೇ ಇಳಿಸಿ, ಬೆವರು ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ನನ್ನ ಮುಖ ನೋಡಿ, "ನೀನು ಯಾವಾಗ ಬಂದೆ?" ಅಂದರು.

"ಬೆಳಗ್ಗೆನೇ ಬಂದೆನಲ್ಲ ದೊಡ್ಡಪ್ಪ."

"ಓ, ಹೌದಾ?" ಅಂತ ಕನ್ನಡಕ ತೆಗೆದು ಮಡಚಿದರು. ಮತ್ತೆ ಬಿಡಿಸಿ ಹಾಕಿಕೊಂಡರು. ಎರಡು ನಿಮಿಷ ಕಳೆದಿರಬಹುದು. "ನೀನು ಯಾವಾಗ ಬಂದೆ?"

ಅದೇ ಪ್ರಶ್ನೆ, ಅದೇ ದನಿ, ಅದೇ ಆಶ್ಚರ್ಯ. ನಾನು ಅದೇ ಉತ್ತರ ಕೊಟ್ಟೆ. ಮತ್ತೆ "ಓ, ಹೌದಾ?", ಮತ್ತೆ ಕನ್ನಡಕ ಮಡಚಿದ್ದು, ಬಿಡಿಸಿದ್ದು. ದೊಡ್ಡಮ್ಮ ಮೊದಲು ತಮಾಷೆ ಮಾಡ್ತಿದ್ದಾರೆ ಅಂದುಕೊಂಡರು. ಐದನೇ ಸಲ ಕೇಳಿದಾಗ ಅವರ ಮುಖದ ಬಣ್ಣವೇ ಹೋಯಿತು.

ಆಸ್ಪತ್ರೆಗೆ ಓಡಿದೆವು. ದೊಡ್ಡಪ್ಪ ತಮ್ಮ ಹೆಸರು ಹೇಳಿದರು, ನಮ್ಮೆಲ್ಲರ ಹೆಸರು ಹೇಳಿದರು, ತಾವು ಕೆಲಸಕ್ಕೆ ಸೇರಿದ ಇಸವಿ ಹೇಳಿದರು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಅಂದರೆ ಸರಸರ ಕಳೆದರು. ಫಾರಂ ಕೊಟ್ಟಾಗ, ಎಂದಿನ ಹಾಗೆ ಕೊನೆಯ ಅಕ್ಷರಕ್ಕೆ ಬಾಲ ಎಳೆದು ಸಹಿ ಹಾಕಿದರು. ಪೆನ್ನು ಕೆಳಗಿಟ್ಟು, "ನಾವಿಲ್ಲಿಗೆ ಯಾಕೆ ಬಂದಿದ್ದೀವಿ?" ಅಂದರು.

ರಾತ್ರಿ ಒಂಬತ್ತರ ಹೊತ್ತಿಗೆ ಪ್ರಶ್ನೆ ನಿಂತಿತು. ಮಾರನೇ ದಿನ ಎಲ್ಲ ಮೊದಲಿನಂತೆ. ಆದರೆ ಆ ಏಳು ಗಂಟೆಗಳು ಮಾತ್ರ ಅವರಿಗೆ ಇವತ್ತಿಗೂ ಇಲ್ಲ. ಪೆಟ್ಟಿಗೆ ಇಳಿಸಿದ್ದೂ ಗೊತ್ತಿಲ್ಲ, ಆಸ್ಪತ್ರೆಗೆ ಹೋದದ್ದೂ ಗೊತ್ತಿಲ್ಲ.

ಇದಕ್ಕೆ ವೈದ್ಯರು ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೀಸಿಯಾ ಅನ್ನುತ್ತಾರೆ. ಸ್ವಲ್ಪ ಹೊತ್ತು ಬಂದು ಹೋಗುವ ಮರೆವು. ಸಾಮಾನ್ಯವಾಗಿ 50 ದಾಟಿದವರಲ್ಲಿ, ಕೆಲವೊಮ್ಮೆ ಜೋರು ದಣಿವಾದ ಮೇಲೆ, ತಣ್ಣೀರಿಗೆ ಇಳಿದ ಮೇಲೆ, ದೊಡ್ಡ ಆಘಾತದ ಸುದ್ದಿ ಕೇಳಿದ ಮೇಲೆ ಬರುತ್ತದೆ. 24 ಗಂಟೆಯೊಳಗೆ ಹೋಗಿಬಿಡುತ್ತದೆ. ಬಹಳಷ್ಟು ಜನರಿಗೆ ಮತ್ತೆ ಬರುವುದೂ ಇಲ್ಲ. ಅವತ್ತು ಫೋನಿನಲ್ಲಿ ನೆಂಟರೊಬ್ಬರು "ವಯಸ್ಸಾಯ್ತಲ್ಲ, ಅರಳುಮರಳು" ಅಂದುಬಿಟ್ಟರು. ಹಾಗೆ ಅಂದು ಸುಮ್ಮನೆ ಕೂರಬೇಡಿ ದಯವಿಟ್ಟು. ಮೆದುಳಿನ ಪಾರ್ಶ್ವವಾಯು, ಕೆಲವು ಬಗೆಯ ಫಿಟ್ಸ್ ಕೂಡ ಹೊರಗಿನಿಂದ ಹೀಗೇ ಕಾಣಬಹುದು. ಇದ್ದಕ್ಕಿದ್ದ ಹಾಗೆ ಮರೆವು ಶುರುವಾದರೆ ತಕ್ಷಣ ವೈದ್ಯರ ಹತ್ತಿರ ಹೋಗಲೇಬೇಕು.

ಅವತ್ತಿನಿಂದ ನನ್ನನ್ನು ಬಿಡದ ಪ್ರಶ್ನೆ ಒಂದೇ. ದೊಡ್ಡಪ್ಪನಲ್ಲಿ ಅವತ್ತು ಕೆಟ್ಟಿದ್ದು ಏನು? ಹಳೆಯದೆಲ್ಲ ಇತ್ತು. ಮಾತು ಇತ್ತು. ಲೆಕ್ಕ ಇತ್ತು. ಸಹಿ ಹಾಕುವ ಕೈ ಇತ್ತು. ಎರಡು ನಿಮಿಷದ ಹಿಂದಿನದು ಮಾತ್ರ ನಿಲ್ಲುತ್ತಿರಲಿಲ್ಲ. ಅಂದರೆ ನೆನಪು ಎನ್ನುವ ಒಂದೇ ಹೆಸರಿನಡಿ ಬೇರೆಬೇರೆ ಕೆಲಸಗಳಿವೆ. ಅದರಲ್ಲಿ ಒಂದು ನಿಂತರೂ ಉಳಿದವು ನಡೆಯುತ್ತಲೇ ಇರುತ್ತವೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಇದನ್ನು ನಮಗೆ ಕಲಿಸಿಕೊಟ್ಟವರು ಯಾರು ಅನ್ನುವುದನ್ನೂ ಹೇಳಬೇಕು. ಅವರು ತಾವು ಕಲಿಸಿದ್ದನ್ನು ನೆನಪಿಟ್ಟುಕೊಳ್ಳಲು ಆಗದಿದ್ದವರು.

ಹೆನ್ರಿ ಮೊಲೈಸನ್. ಹುಟ್ಟಿದ್ದು 1926ರಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. ಹತ್ತನೇ ವಯಸ್ಸಿನ ಸುಮಾರಿಗೆ ಸಣ್ಣ ಫಿಟ್ಸ್ ಶುರುವಾಯಿತು. ಹದಿಹರೆಯಕ್ಕೆ ಬರುವಷ್ಟರಲ್ಲಿ ದೊಡ್ಡ ಫಿಟ್ಸ್. ಔಷಧಿ ಎಷ್ಟು ಕೊಟ್ಟರೂ ನಿಲ್ಲಲಿಲ್ಲ. ಕೆಲಸ ಮಾಡುವುದೂ ಕಷ್ಟವಾಯಿತು. 1953ರ ಆಗಸ್ಟ್ 25ರಂದು ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಎಂಬ ಸರ್ಜನ್ ಅವರಿಗೆ ಆಪರೇಷನ್ ಮಾಡಿದರು. ಹೆನ್ರಿಗೆ ಆಗ 27 ವರ್ಷ. ಎರಡೂ ಕಿವಿಗಳ ನೇರಕ್ಕೆ, ಮೆದುಳಿನ ಒಳಮಗ್ಗುಲಲ್ಲಿ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಇದೆ. ಕಡಲ ಕುದುರೆಯ ಆಕಾರ, ಹೆಸರೂ ಅದರಿಂದಲೇ ಬಂದದ್ದು. ಬಲಕ್ಕೊಂದು, ಎಡಕ್ಕೊಂದು. ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಪಾಲನ್ನು, ಅದರ ಸುತ್ತಲಿನ ಭಾಗವನ್ನು ಸರ್ಜನ್ ತೆಗೆದುಬಿಟ್ಟರು. ಅದು ಯಾವ ಕೆಲಸ ಮಾಡುತ್ತದೆ ಅಂತ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಫಿಟ್ಸ್ ಕಡಿಮೆಯಾಯಿತು. ಆದರೆ ಹೆನ್ರಿಗೆ ಹೊಸದು ಯಾವುದೂ ನಿಲ್ಲಲಿಲ್ಲ. ಈಗಷ್ಟೇ ಮಾತಾಡಿಸಿದ ನರ್ಸ್ ಯಾರು ಅಂತ ಗೊತ್ತಿಲ್ಲ. ಬಚ್ಚಲು ಮನೆಗೆ ದಾರಿ ಗೊತ್ತಿಲ್ಲ.

ಕೆನಡಾದ ಮಾಂಟ್ರಿಯಲ್‌ನಿಂದ ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವರನ್ನು ಪರೀಕ್ಷಿಸಲು ಬಂದರು. 1955ರ ಏಪ್ರಿಲ್ ಅದು. ಇವತ್ತು ಯಾವ ತಾರೀಕು ಅಂತ ಕೇಳಿದರೆ ಹೆನ್ರಿ 1953ರ ಮಾರ್ಚ್ ಅಂದರು. ವಯಸ್ಸು 27 ಅಂದರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಅಂಕ 112. ಆಪರೇಷನ್‌ಗೆ ಮುಂಚೆ 104 ಇತ್ತು. ಅಂದರೆ ಬುದ್ಧಿಗೆ ಏನೂ ಆಗಿರಲಿಲ್ಲ. ಸ್ಕೋವಿಲ್ ಮತ್ತು ಮಿಲ್ನರ್ ಇಬ್ಬರೂ ಸೇರಿ 1957ರಲ್ಲಿ ಇದನ್ನು ಪ್ರಕಟಿಸಿದರು. ಹೆನ್ರಿಯ ಹೆಸರು ಬರೆಯಲಿಲ್ಲ, ಎಚ್.ಎಂ. ಎಂಬ ಎರಡೇ ಅಕ್ಷರ ಬರೆದರು. ಮುಂದೆ ಐವತ್ತು ವರ್ಷ ಜಗತ್ತಿಗೆ ಅವರು ಆ ಎರಡಕ್ಷರವಾಗಿಯೇ ಇದ್ದರು.

ಒಂದು ದಿನ ಮಿಲ್ನರ್ ಅವರಿಗೆ 584 ಎಂಬ ಸಂಖ್ಯೆ ಕೊಟ್ಟು, ನೆನಪಿಟ್ಟುಕೊಳ್ಳಿ ಅಂದರು. ಹದಿನೈದು ನಿಮಿಷ ಆದ ಮೇಲೆ ಕೇಳಿದರೆ, ಹೆನ್ರಿ ಸರಿಯಾಗಿ 584 ಅಂದುಬಿಟ್ಟರು! ಹೇಗೆ ಅಂತ ಕೇಳಿದರು. ಅದು ಸುಲಭ, ಎಂಟನ್ನು ಹಿಡಿದುಕೊಂಡರೆ ಆಯ್ತು ಅಂದರು. ಐದು, ಎಂಟು, ನಾಲ್ಕು ಕೂಡಿದರೆ ಹದಿನೇಳು. ಹದಿನೇಳರಲ್ಲಿ ಎಂಟು ಕಳೆದರೆ ಒಂಬತ್ತು. ಒಂಬತ್ತನ್ನು ಒಡೆದರೆ ಐದು, ನಾಲ್ಕು. ಅಲ್ಲಿಗೆ 584. ಇಷ್ಟನ್ನು ಅವರು ಹದಿನೈದು ನಿಮಿಷವೂ ಒಳಗೊಳಗೇ ತಿರುವುತ್ತ ಕೂತಿದ್ದರು. ಕೆರೆ ಏರಿ ಒಡೆದ ಕಡೆ ಕೈ ಅಡ್ಡ ಇಟ್ಟು ನಿಂತ ಹಾಗೆ. ಒಂದು ನಿಮಿಷ ಬೇರೆ ಮಾತು ಆಡಿಸಿದರು. ಮತ್ತೆ ಕೇಳಿದರೆ ಸಂಖ್ಯೆ ಹೋಗಿತ್ತು. ಒಂದು ಸಂಖ್ಯೆ ಕೊಟ್ಟಿದ್ದರು ಎನ್ನುವುದೇ ಹೋಗಿತ್ತು.

ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೆ ಇದರಲ್ಲಿ ಎಷ್ಟು ದೊಡ್ಡ ವಿಷಯ ಇದೆ ನೋಡಿ. ಈ ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿದುಕೊಳ್ಳುವುದು ಒಂದು ಕೆಲಸ. ಅದನ್ನು ಮುಂದಕ್ಕೆ ಉಳಿಯುವ ಹಾಗೆ ಮಾಡುವುದು ಇನ್ನೊಂದು. ಮೊದಲನೆಯದು ಹೆನ್ರಿಗೆ ಇತ್ತು. ಎರಡನೆಯದು ಇರಲಿಲ್ಲ. ಚಿಕ್ಕಂದಿನ ನೆನಪುಗಳು ಇದ್ದವು, ಆದ್ದರಿಂದ ಹಳೆಯದನ್ನು ಇಟ್ಟುಕೊಂಡಿರುವ ಜಾಗ ಹಿಪ್ಪೊಕ್ಯಾಂಪಸ್ ಒಂದೇ ಆಗಿರಲಾರದು. ಹೊಸದನ್ನು ನೆಲೆ ನಿಲ್ಲಿಸುವುದಕ್ಕೆ ಮಾತ್ರ ಅದು ಬೇಕೇ ಬೇಕು. ನಮ್ಮ ದೊಡ್ಡಪ್ಪನಂಥವರಿಗೆ ಒಂದೆರಡು ದಿನ ಬಿಟ್ಟು ಎಂಆರ್‌ಐ ತೆಗೆದರೆ, ಹಿಪ್ಪೊಕ್ಯಾಂಪಸ್‌ನಲ್ಲೇ ಸಾಸಿವೆ ಕಾಳಿನಷ್ಟು ಚುಕ್ಕೆ ಕಾಣುವುದುಂಟು. ಕೆಲವು ದಿನಗಳಲ್ಲಿ ಅದೂ ಮಾಯವಾಗುತ್ತದೆ.

ಈಗ ನನಗೆ ಬಹಳ ಇಷ್ಟವಾದ ಪ್ರಯೋಗಕ್ಕೆ ಬರುತ್ತೇನೆ. ಮಿಲ್ನರ್ ಒಂದು ಹಾಳೆಯ ಮೇಲೆ ನಕ್ಷತ್ರದ ಚಿತ್ರ ಕೊಟ್ಟರು. ಜೋಡಿ ಗೆರೆ. ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಆದರೆ ಕೈಯನ್ನು ನೇರವಾಗಿ ನೋಡುವ ಹಾಗಿಲ್ಲ, ಕನ್ನಡಿಯಲ್ಲಿ ನೋಡಿಕೊಂಡು ಎಳೆಯಬೇಕು. ಮನೆಯಲ್ಲಿ ಮಾಡಿ ನೋಡಿ, ಮೊದಲ ಸಲ ಕೈ ಎಲ್ಲೆಲ್ಲೋ ಹೋಗುತ್ತದೆ. ಹೆನ್ರಿಯದೂ ಹೋಯಿತು. ಮೂರು ದಿನ ಮಾಡಿಸಿದರು. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಯಿತು. ಮೂರನೇ ದಿನ ಗೆರೆ ಸಲೀಸಾಗಿ ಬಂತು. ಆದರೆ ಪ್ರತಿ ಸಲವೂ ಹೆನ್ರಿಗೆ ಅದು ಮೊದಲ ಸಲ. ಕಷ್ಟ ಇರುತ್ತೆ ಅಂದುಕೊಂಡಿದ್ದೆ, ಪರವಾಗಿಲ್ಲ ಚೆನ್ನಾಗೇ ಬಂದ ಹಾಗಿದೆ, ಅಂತ ಅವರೇ ಆಶ್ಚರ್ಯಪಟ್ಟರು.

ನಾವು ಕನ್ನಡದಲ್ಲಿ ನೆನಪಿನ ಬಗ್ಗೆ ಹೇಗೆ ಮಾತಾಡುತ್ತೇವೆ, ಒಂದು ಕ್ಷಣ ಗಮನಿಸಿ. ಪದ್ಯ ಬಾಯಿಪಾಠ ಆಯ್ತು ಅನ್ನುತ್ತೇವೆ. ಕೆಲಸಕ್ಕೆ ಕೈ ಕುದುರಿತು ಅನ್ನುತ್ತೇವೆ. ಹೆಸರು ನಾಲಿಗೆ ತುದಿಯಲ್ಲಿದೆ, ಮುಖ ಕಣ್ಣಿಗೆ ಕಟ್ಟಿದ ಹಾಗಿದೆ ಅನ್ನುತ್ತೇವೆ. ಬಾಯಿ, ಕೈ, ನಾಲಿಗೆ, ಕಣ್ಣು. ನೆನಪನ್ನು ನಮ್ಮ ಮಾತು ಒಂದೇ ಕಡೆ ಇಟ್ಟಿಲ್ಲ. ಮಿಲ್ನರ್ ಆ ನಕ್ಷತ್ರದ ಫಲಿತಾಂಶ ಪ್ರಕಟಿಸಿದ್ದು 1962ರಲ್ಲಿ. ಹೆನ್ರಿಯ ಕೈ ಕುದುರಿತ್ತು, ಹೆನ್ರಿಗೆ ನೆನಪಿರಲಿಲ್ಲ. ಕೈ ಕುದುರುವುದಕ್ಕೆ ಮೆದುಳು ಬೇರೆ ಭಾಗಗಳನ್ನು ಬಳಸುತ್ತದೆ. ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ, ಹಿಂಬದಿಯ ಸೆರೆಬೆಲ್ಲಂ. ಆಪರೇಷನ್ ಅವುಗಳನ್ನು ಮುಟ್ಟಿರಲಿಲ್ಲ.

ಇದರ ಸುಳಿವು ಇನ್ನೂ ಹಿಂದೆಯೇ ಸಿಕ್ಕಿತ್ತು. ಜಿನೀವಾದ ವೈದ್ಯ ಎಡ್ವರ್ಡ್ ಕ್ಲಾಪಾರೆಡ್ 1911ರಲ್ಲಿ ಬರೆದದ್ದು. ಅವರ ರೋಗಿ ಒಬ್ಬ ಹೆಂಗಸು. ವೈದ್ಯರನ್ನು ದಿನವೂ ನೋಡಿದರೂ ಗುರುತಿಲ್ಲ. ಒಂದು ದಿನ ಕ್ಲಾಪಾರೆಡ್ ಬೆರಳ ಸಂದಿಯಲ್ಲಿ ಗುಂಡುಪಿನ್ನು ಇಟ್ಟುಕೊಂಡು ಅವಳ ಕೈ ಕುಲುಕಿದರು. ಚುಚ್ಚಿತು. ಆಕೆ ಸ್ವಲ್ಪ ಹೊತ್ತಿಗೆ ಮರೆತಳು. ಆಮೇಲೆ ಅವರು ಕೈ ಚಾಚಿದರೆ ಆಕೆ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು. ಯಾಕೆ ಅಂತ ಕೇಳಿದರೆ, ಕೆಲವರು ಕೈಯಲ್ಲಿ ಪಿನ್ನು ಬಚ್ಚಿಟ್ಟುಕೊಂಡಿರುತ್ತಾರಲ್ಲ ಅಂದಳು. ಚುಚ್ಚಿಸಿಕೊಂಡದ್ದು ನೆನಪಿಲ್ಲ, ಹೆದರಿಕೆ ಉಳಿದಿದೆ. ಹೆದರಿಕೆಗೆ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗ ಮುಖ್ಯ ಅಂತ ಇವತ್ತು ನಮಗೆ ಗೊತ್ತು. ಇಂಥ ಪ್ರಯೋಗ ಈಗ ಯಾರೂ ಮಾಡುವ ಹಾಗಿಲ್ಲ, ಮಾಡಲೂಬಾರದು. ಆದರೆ ಮರೆವಿನ ಕಾಯಿಲೆ ಇರುವವರನ್ನು ನೋಡಿಕೊಳ್ಳುವ ಪ್ರತಿಯೊಬ್ಬರೂ ಈ ಮಾತು ತಿಳಿದಿರಬೇಕು. ನೀವು ಗದರಿದ್ದು ಅವರಿಗೆ ಮರೆತುಹೋಗಬಹುದು. ಗದರಿಸಿಕೊಂಡ ದುಗುಡ ಉಳಿದುಬಿಡಬಹುದು.

ಇನ್ನೊಬ್ಬರು, ಕೆನಡಾದ ಕೆಂಟ್ ಕಾಕ್ರೇನ್. 1981ರಲ್ಲಿ ಮೋಟಾರ್‌ಬೈಕ್ ಅಪಘಾತವಾಗಿ ತಲೆಗೆ ಪೆಟ್ಟು ಬಿತ್ತು. ಕಾರಿನ ಚಕ್ರ ಬದಲಿಸುವುದು ಹೇಗೆ ಅಂತ ಹಂತ ಹಂತವಾಗಿ ಹೇಳುತ್ತಿದ್ದರು. ಆದರೆ ತಾನು ಯಾವತ್ತಾದರೂ ಬದಲಿಸಿದ್ದ ಒಂದು ದಿನವನ್ನೂ ಹೇಳಲು ಆಗುತ್ತಿರಲಿಲ್ಲ. ಅಣ್ಣ ತಮ್ಮಂದಿರ ವಿಷಯವೂ ಹಾಗೇ. ಒಬ್ಬರು ತೀರಿಕೊಂಡಿದ್ದಾರೆ ಅಂತ ಗೊತ್ತು, ಆ ಸುದ್ದಿ ಕೇಳಿದ ಗಳಿಗೆ ಗೊತ್ತಿಲ್ಲ. ಕೆಂಟ್ ಅವರನ್ನು ವರ್ಷಗಟ್ಟಲೆ ನೋಡಿದ ಮನಶ್ಶಾಸ್ತ್ರಜ್ಞ ಎಂಡೆಲ್ ಟಲ್ವಿಂಗ್ 1972ರಲ್ಲೇ ಒಂದು ಗೆರೆ ಎಳೆದಿದ್ದರು. ತಿಳಿದಿರುವುದು ಬೇರೆ, ನಡೆದದ್ದರ ನೆನಪು ಬೇರೆ. ಕೆಂಟ್ ಆ ಗೆರೆಯನ್ನು ಬದುಕಿ ತೋರಿಸಿದರು. ನಾಳೆ ಏನು ಮಾಡುತ್ತೀರಿ ಅಂತ ಟಲ್ವಿಂಗ್ ಕೇಳಿದಾಗಲೂ ಅವರ ಮನಸ್ಸು ಖಾಲಿ. 2007ರಲ್ಲಿ ಲಂಡನ್‌ನಲ್ಲಿ ಡೆಮಿಸ್ ಹಸಾಬಿಸ್, ಎಲಿನಾರ್ ಮಗ್ವಾಯರ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು. ಹಿಪ್ಪೊಕ್ಯಾಂಪಸ್ ಕೆಟ್ಟಿದ್ದ ಐದು ಜನರಿಗೆ, ಬಿಳಿ ಮರಳಿನ ಕಡಲ ತೀರದಲ್ಲಿ ಮಲಗಿದ್ದೀರಿ ಅಂತ ಕಲ್ಪಿಸಿಕೊಳ್ಳಿ, ಏನೇನು ಕಾಣುತ್ತದೆ ಹೇಳಿ ಅಂದರು. ಅವರಲ್ಲಿ ನಾಲ್ವರಿಗೆ ಬಿಡಿಬಿಡಿ ತುಣುಕು ಬಂತು, ಒಂದು ದೃಶ್ಯವಾಗಿ ಕೂಡಲಿಲ್ಲ. ಕಳೆದದ್ದನ್ನು ಕಟ್ಟಿಕೊಳ್ಳುವ ಜಾಗವೇ ಬರಲಿರುವುದನ್ನೂ ಕಟ್ಟುತ್ತದೆ. ನೆನಪು ನಮಗೆ ಇರುವುದೇ ಮುಂದಿನದಕ್ಕಾಗಿ ಇರಬಹುದು ಅಂತ ನನಗೆ ಬಲವಾಗಿ ಅನಿಸುವುದು ಈ ಪ್ರಯೋಗ ಓದಿದಾಗ.

ಸರಿ, ನೆಲೆ ನಿಲ್ಲಿಸುವುದು ಅಂದೆ. ಹಾಗಂದರೆ ಮೆದುಳಿನೊಳಗೆ ನಿಜಕ್ಕೂ ಏನಾಗುತ್ತದೆ?

ನಮ್ಮ ತಲೆಯಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದನ್ನು ಸಂಧಿಸುವ ಜಾಗಕ್ಕೆ ಸಿನಾಪ್ಸ್ ಅನ್ನುತ್ತಾರೆ. ಅಲ್ಲೊಂದು ಕೂದಲಿಗಿಂತ ಎಷ್ಟೋ ಸಣ್ಣ ಸಂದು. ಸುದ್ದಿ ಆ ಸಂದನ್ನು ರಾಸಾಯನಿಕದ ರೂಪದಲ್ಲಿ ದಾಟುತ್ತದೆ. ಎರಡು ಕೋಶಗಳು ಜೊತೆಜೊತೆಗೆ ಮಿಡಿದರೆ ಅವುಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ ಅಂತ ಡೊನಾಲ್ಡ್ ಹೆಬ್ 1949ರಲ್ಲಿ ಊಹಿಸಿದರು. ಜನ ಓಡಾಡಿದ ಕಡೆ ಕಾಲುದಾರಿ ಬೀಳುತ್ತದಲ್ಲ, ಹಾಗೆ. 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೋ, ಓಸ್ಲೋದಲ್ಲಿ ಮೊಲದ ಹಿಪ್ಪೊಕ್ಯಾಂಪಸ್ ಮೇಲೆ ಮಾಡಿದ ಕೆಲಸ ಪ್ರಕಟಿಸಿದರು. ಒಂದು ನರದ ದಾರಿಗೆ ಬೇಗಬೇಗ ಕರೆಂಟಿನ ಮಿಡಿತ ಕೊಟ್ಟರೆ, ಆ ದಾರಿಯ ಸಂಪರ್ಕ ಗಂಟೆಗಟ್ಟಲೆ ಬಲವಾಗಿಯೇ ಉಳಿಯುತ್ತಿತ್ತು. ಊಹೆಗೆ ಮೊದಲ ಬಾರಿ ಮೈ ಬಂತು.

ಎರಿಕ್ ಕ್ಯಾಂಡೆಲ್ ಇನ್ನೂ ಸರಳವಾದ ಪ್ರಾಣಿಗೆ ಹೋದರು. ಅಪ್ಲೀಸಿಯಾ ಎಂಬ ಕಡಲ ಬಸವನಹುಳು. ಅದರಲ್ಲಿ ಇರುವುದು ಸುಮಾರು 20,000 ನರಕೋಶ. ಕೆಲವು ಎಷ್ಟು ದೊಡ್ಡವು ಅಂದರೆ ಬರಿಗಣ್ಣಿಗೇ ಕಾಣುತ್ತವೆ. ಮೈ ಮುಟ್ಟಿದರೆ ಕಿವಿರು ಒಳಗೆ ಎಳೆದುಕೊಳ್ಳುತ್ತದೆ. ಬಾಲಕ್ಕೆ ಒಂದು ಶಾಕ್ ಕೊಟ್ಟರೆ, ಆಮೇಲೆ ಕೆಲವು ನಿಮಿಷ ಮೆಲ್ಲಗೆ ಮುಟ್ಟಿದರೂ ಜೋರಾಗಿ ಎಳೆದುಕೊಳ್ಳುತ್ತದೆ. ಬಿಡುವು ಕೊಟ್ಟು ಮತ್ತೆ ಮತ್ತೆ ಶಾಕ್ ಕೊಟ್ಟರೆ ಆ ಎಚ್ಚರ ದಿನಗಟ್ಟಲೆ ಉಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಕ್ಯಾಂಡೆಲ್ ಕಂಡುಹಿಡಿದ ಸಂಗತಿ. ನಿಮಿಷಗಳ ನೆನಪಿನಲ್ಲಿ ಇರುವ ಸಂಪರ್ಕವೇ ಸ್ವಲ್ಪ ಹೊತ್ತು ಜಾಸ್ತಿ ಕೆಲಸ ಮಾಡುತ್ತದೆ. ದಿನಗಳ ನೆನಪಿಗೆ ಕೋಶದ ನಡುಮನೆಯಲ್ಲಿ ವಂಶವಾಹಿಗಳು ಚಾಲೂ ಆಗಬೇಕು, ಹೊಸ ಪ್ರೋಟೀನ್ ತಯಾರಾಗಬೇಕು, ಹೊಸ ಸಂಪರ್ಕ ಮೊಳೆಯಬೇಕು. ಒಂದು ಕೋಶದಲ್ಲಿ ಸುಮಾರು 1,300 ಇದ್ದ ಸಂಪರ್ಕ ಸುಮಾರು 2,700 ಆಗುತ್ತದೆ. ಈ ಕೆಲಸಕ್ಕೆ 2000ದಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಇದನ್ನು ನಾನು ಮೊದಲು ಓದಿದಾಗ ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟಿದ್ದೆ. ಈ ಸಭೆಯಲ್ಲಿ ನೀವು ಕೇಳಿದ್ದು ಮುಂದಿನ ವಾರ ನೆನಪಿದ್ದರೆ, ನಿಮ್ಮ ಮೆದುಳು ಒಂದಿಷ್ಟು ಬೇರೆ ಆಗಿದೆ ಅಂತಲೇ ಅರ್ಥ. ಮೈಯಲ್ಲೇ ಬದಲಾಗಿದೆ.

ಹೊಸದು ಬೆಳೆಯಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಅಡ್ಡಿ ಬಂದರೆ ನೆನಪು ಕೂರುವುದಿಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಪೆಟ್ಟಿನ ಸ್ವಲ್ಪ ಮುಂಚಿನದು ಹೋಗಿ, ಹಳೆಯದು ಉಳಿಯುವುದು ಇದಕ್ಕೇ. ಇತ್ತೀಚಿನದು ಮೊದಲು ಹೋಗುತ್ತದೆ, ಹಳೆಯದು ಗಟ್ಟಿ ಅಂತ ಫ್ರಾನ್ಸ್‌ನ ರಿಬೋ 1881ರಷ್ಟು ಹಿಂದೆಯೇ ಗುರುತಿಸಿದ್ದರು. ನಿದ್ದೆಯೂ ಇದೇ ಕೆಲಸದ ಭಾಗ. 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಇದನ್ನು ಕಂಡರು. ಓಡಾಡುವಾಗ ಜೊತೆಯಾಗಿ ಮಿಡಿದ ಕೋಶಗಳು, ಆಮೇಲೆ ಮಲಗಿದಾಗ ಮತ್ತೆ ಜೊತೆಯಾಗಿ ಮಿಡಿಯುತ್ತಿದ್ದವು. ಹಗಲಿನ ಪಾಠವನ್ನು ಇಲಿ ರಾತ್ರಿ ಮತ್ತೊಮ್ಮೆ ತಿರುವಿ ಹಾಕುತ್ತಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ಮಕ್ಕಳಿಗೆ ದಯವಿಟ್ಟು ಇದನ್ನು ಹೇಳಿ.

ಇಷ್ಟೆಲ್ಲ ಕಷ್ಟಪಟ್ಟು ಕೂರಿಸಿದ ನೆನಪು ಆಮೇಲಾದರೂ ಅಲುಗಾಡದೆ ಇರುತ್ತದಾ? ಇಲ್ಲ. 2000ದಲ್ಲಿ ಕರೀಂ ನಾದರ್ ಮತ್ತು ಜೋಸೆಫ್ ಲೆಡೂ ತಂಡ ಇಲಿಗಳಿಗೆ ಒಂದು ಸದ್ದಿನ ಜೊತೆ ಶಾಕ್ ಕೊಟ್ಟು ಹೆದರಿಕೆ ಕಲಿಸಿತು. ಆಮೇಲೆ ಬರಿಯ ಸದ್ದು ಕೇಳಿಸಿ ನೆನಪು ಮಾಡಿಸಿ, ಕೂಡಲೇ ಪ್ರೋಟೀನ್ ತಯಾರಾಗದಂತೆ ತಡೆಯುವ ಔಷಧಿಯನ್ನು ಅಮಿಗ್ಡಲಾಗೆ ಕೊಟ್ಟಿತು. ಮಾರನೇ ದಿನ ಹೆದರಿಕೆ ಹೋಗಿತ್ತು. ನೆನಪು ಮಾಡಿಸದೆ ಔಷಧಿ ಕೊಟ್ಟರೆ ಏನೂ ಆಗಲಿಲ್ಲ. ಅಂದರೆ ಒಂದು ನೆನಪನ್ನು ಹೊರಗೆ ತೆಗೆದಾಗ ಅದು ಮತ್ತೆ ಹಸಿಯಾಗುತ್ತದೆ, ಹೊಸದಾಗಿ ಕೂರಬೇಕಾಗುತ್ತದೆ. ಆ ಹಸಿ ಮಣ್ಣಿನ ಮೇಲೆ ಹೊಸ ಗುರುತು ಬೀಳಬಹುದು.

ಮನುಷ್ಯರಲ್ಲಿ ಗುರುತು ಬೀಳಲು ಔಷಧಿಯೇ ಬೇಕಿಲ್ಲ, ಒಂದು ಪದ ಸಾಕು. ಎಲಿಜಬೆತ್ ಲಾಫ್ಟಸ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕೆಲವರಿಗೆ ಕಾರುಗಳು ತಾಗಿದಾಗ ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ ಕಾರುಗಳು ಗುದ್ದಿ ನುಜ್ಜುಗುಜ್ಜಾದಾಗ ಎಷ್ಟಿತ್ತು ಅಂತ ಕೇಳಿದರು. ಒಂದು ವಾರ ಬಿಟ್ಟು, ಗಾಜು ಒಡೆದದ್ದು ನೋಡಿದಿರಾ ಅಂದರು. ಮೊದಲ ಗುಂಪಿನಲ್ಲಿ ನೂರಕ್ಕೆ 14 ಜನ, ಎರಡನೆಯದರಲ್ಲಿ ನೂರಕ್ಕೆ 32 ಜನ ಹೌದು ಅಂದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಗಾಜು ಕಂಡಿತ್ತು. ಕಣ್ಣಾರೆ ಕಂಡ ಸಾಕ್ಷಿಯ ಮಾತಿನ ಮೇಲೆ ಒಬ್ಬರನ್ನು ಜೈಲಿಗೆ ಕಳಿಸುವ ಎಲ್ಲ ಕಡೆಯೂ ಇದು ಗೊತ್ತಿರಬೇಕು.

ಕೊನೆಯದಾಗಿ, ಇತ್ತೀಚಿನ ಒಂದು ಕೆಲಸ. ಮರೆತದ್ದು ಅಳಿಸಿಹೋಗಿರುತ್ತದಾ, ಅಥವಾ ಒಳಗೇ ಇದ್ದು ಕೈಗೆ ಸಿಗುತ್ತಿಲ್ಲವಾ? ಸುಸುಮು ಟೊನೆಗಾವಾ ರೋಗನಿರೋಧಕ ಶಕ್ತಿಯ ಮೇಲಿನ ಕೆಲಸಕ್ಕೆ 1987ರಲ್ಲಿ ನೊಬೆಲ್ ಪಡೆದವರು. ಆಮೇಲೆ ಮೆದುಳಿನ ಕಡೆ ತಿರುಗಿದರು. ಅವರ ತಂಡ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಣ್ಣ ಇಲಿಗಳಲ್ಲಿ ಒಂದು ಉಪಾಯ ಮಾಡಿತು. ಏನನ್ನಾದರೂ ಕಲಿಯುವಾಗ ಯಾವ ಕೋಶಗಳು ಮಿಡಿಯುತ್ತವೋ ಅವುಗಳಿಗೆ ಮಾತ್ರ ಬೆಳಕಿಗೆ ಸ್ಪಂದಿಸುವ ಗುಣ ಬರುವಂತೆ ಮಾಡಿತು. ಆಮೇಲೆ ಬೆಳಕಿನ ಎಳೆಯಿಂದ ಆ ಕೋಶಗಳನ್ನೇ ಎಬ್ಬಿಸಬಹುದು. 2015ರ ಪ್ರಯೋಗದಲ್ಲಿ ಇಲಿಗೆ ಒಂದು ಪೆಟ್ಟಿಗೆಯಲ್ಲಿ ಶಾಕ್ ಕೊಟ್ಟು, ಕೂಡಲೇ ಪ್ರೋಟೀನ್ ತಡೆಯುವ ಔಷಧಿ ಕೊಟ್ಟರು. ಮಾರನೇ ದಿನ ಅದೇ ಪೆಟ್ಟಿಗೆಗೆ ಬಿಟ್ಟರೆ ಇಲಿಗೆ ಹೆದರಿಕೆ ಅಷ್ಟಾಗಿ ಕಾಣಲಿಲ್ಲ. ಮರೆತಿದೆ ಅಂತಲೇ ಲೆಕ್ಕ. ಆದರೆ ಗುರುತು ಹಾಕಿದ ಕೋಶಗಳಿಗೆ ಬೆಳಕು ಬಿಟ್ಟ ಕೂಡಲೇ ಇಲಿ ಹೆದರಿ ಕಲ್ಲಿನಂತೆ ನಿಂತುಬಿಟ್ಟಿತು. ನೆನಪು ಒಳಗೇ ಇತ್ತು, ದಾರಿ ಮುಚ್ಚಿತ್ತು. ಮುಂದಿನ ವರ್ಷ ಆಲ್ಝೈಮರ್ ಕಾಯಿಲೆಯ ಆರಂಭದ ಹಂತವನ್ನು ಹೋಲುವ ಇಲಿಗಳಲ್ಲೂ ಹೀಗೇ ನೆನಪನ್ನು ಎಬ್ಬಿಸಿದರು. ಇದು ಇಲಿ, ಅದೂ ಆರಂಭದ ಹಂತ. ಮನುಷ್ಯರ ತಲೆಯಲ್ಲಿ ಹೀಗೆ ಬೆಳಕು ಬಿಡುವ ಚಿಕಿತ್ಸೆ ಇಲ್ಲ. ಕಾಯಿಲೆ ಮುಂದುವರಿದ ಹಾಗೆ ಕೋಶಗಳೇ ಸಾಯುತ್ತವೆ, ಆಗ ಎಬ್ಬಿಸಲು ಏನೂ ಉಳಿಯುವುದಿಲ್ಲ. ಅಷ್ಟಾದರೂ ಈ ಫಲಿತಾಂಶ ನನಗೆ ದೊಡ್ಡದು. ನಮ್ಮನ್ನು ಗುರುತಿಸದ ಒಬ್ಬರ ಎದುರು ಕೂತಾಗ, ಅವರೊಳಗೆ ನಾವು ಇಲ್ಲವೇ ಇಲ್ಲ ಅಂತ ತೀರ್ಮಾನಿಸಲು ಈಗ ನನಗೆ ಮನಸ್ಸು ಬರುವುದಿಲ್ಲ.

ನಾನು ಇಲ್ಲಿಗೆ ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು.

ಒಬ್ಬ ಯುವಕರು ಕೇಳಿದರು: "ಸಿನಿಮಾಗಳಲ್ಲಿ ತಲೆಗೆ ಪೆಟ್ಟು ಬಿದ್ದು ಹೆಸರೇ ಮರೆತುಹೋಗುತ್ತೆ, ಇನ್ನೊಂದು ಪೆಟ್ಟು ಬಿದ್ದರೆ ವಾಪಸ್ ಬರುತ್ತೆ. ಹಾಗೆ ಆಗುತ್ತಾ ಸಾರ್?"

ಎರಡನೇ ಪೆಟ್ಟಿನಿಂದ ನೆನಪು ಬರುವುದಿಲ್ಲ, ಇನ್ನಷ್ಟು ಹಾನಿಯಾಗುತ್ತದೆ. ಮೆದುಳಿಗೆ ಪೆಟ್ಟಾದವರಲ್ಲಿ ಸಾಮಾನ್ಯವಾಗಿ ಉಳಿಯುವ ತೊಂದರೆ ಹೊಸದನ್ನು ಕಲಿಯಲು ಆಗದಿರುವುದು. ತಾನು ಯಾರು ಅನ್ನುವುದು ಬಹುತೇಕ ಇರುತ್ತದೆ. ಹೆನ್ರಿಗೂ ಇತ್ತು. ತನ್ನ ಹೆಸರು, ಹಿಂದಿನ ಬದುಕು ಪೂರ್ತಿ ಮರೆಯುವುದು ಅಪರೂಪ, ಮತ್ತು ಅದು ಹೆಚ್ಚಾಗಿ ತೀವ್ರವಾದ ಮಾನಸಿಕ ಆಘಾತದ ನಂತರ ಕಾಣುವಂಥದ್ದು. ನಟನೆ ಅಂತ ತಳ್ಳಿಹಾಕಬಾರದು, ಅದಕ್ಕೂ ಆರೈಕೆ ಬೇಕು.

ಒಬ್ಬ ತಾಯಿ ಕೇಳಿದರು: "ನನ್ನ ಮಗಳಿಗೆ ನಾಲ್ಕು ವರ್ಷ. ಈಗ ನಡೆದದ್ದೆಲ್ಲ ಪಟಪಟ ಹೇಳ್ತಾಳೆ. ದೊಡ್ಡವಳಾದ ಮೇಲೆ ಇದೆಲ್ಲ ನೆನಪಿರುತ್ತಾ?"

ಸ್ವಲ್ಪ ಇರಬಹುದು, ಜಾಸ್ತಿ ಇರಲಿಕ್ಕಿಲ್ಲ. ದೊಡ್ಡವರ ಅತಿ ಹಳೆಯ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಸುಮಾರಿನದು. ಅದಕ್ಕೂ ಹಿಂದಿನದು ಬಹುತೇಕ ಎಲ್ಲರಿಗೂ ಹೋಗುತ್ತದೆ. ಎಳೆಯ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳು ಭರದಿಂದ ಸೇರುತ್ತಿರುತ್ತವೆ, ಅದರಿಂದಲೇ ಹಳೆಯ ಸಂಪರ್ಕಗಳು ಕದಲುತ್ತವೆ ಅಂತ ಟೊರೊಂಟೊದ ಪಾಲ್ ಫ್ರಾಂಕ್ಲಂಡ್ ಮತ್ತು ಶೀನಾ ಜೋಸ್ಲಿನ್ ತಂಡ 2014ರಲ್ಲಿ ಇಲಿಗಳಲ್ಲಿ ತೋರಿಸಿತು. ಆದರೆ ಈ ವಯಸ್ಸಿನಲ್ಲಿ ಕಲಿತ ಮಾತು, ನಡಿಗೆ, ನಿಮ್ಮ ಮಡಿಲಿನ ಧೈರ್ಯ, ಇವು ಎಲ್ಲೂ ಹೋಗುವುದಿಲ್ಲಮ್ಮ. ಆಕೆ ನಗುತ್ತ ಕೂತರು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಕೇಳಿದರು: "ಆ ಹೆನ್ರಿ ಅನ್ನೋರಿಗೆ, ತಮ್ಮಿಂದ ಇಷ್ಟೆಲ್ಲ ಗೊತ್ತಾಯ್ತು ಅಂತ ಗೊತ್ತಿತ್ತಾ?"

ಹೇಳುತ್ತಿದ್ದರು. ಪ್ರತಿ ಸಲವೂ ಅದು ಅವರಿಗೆ ಹೊಸ ಸುದ್ದಿ. ತನ್ನಿಂದ ಬೇರೆಯವರಿಗೆ ಉಪಕಾರ ಆಗುವುದಾದರೆ ಒಳ್ಳೆಯದೇ ಅನ್ನುತ್ತಿದ್ದರು. ಅವರು ತೀರಿಕೊಂಡದ್ದು 2008ರ ಡಿಸೆಂಬರ್ 2ರಂದು, 82ನೇ ವಯಸ್ಸಿನಲ್ಲಿ. ಎಚ್.ಎಂ. ಅಂದರೆ ಯಾರು ಅಂತ ಲೋಕಕ್ಕೆ ತಿಳಿದದ್ದು ಆಮೇಲೆ. ಒಂದು ವರ್ಷದ ನಂತರ ಸ್ಯಾನ್ ಡಿಯೆಗೋದಲ್ಲಿ ಅವರ ಮೆದುಳನ್ನು ಗಟ್ಟಿ ಹೆಪ್ಪುಗಟ್ಟಿಸಿ, 53 ಗಂಟೆ ಕೂತು, 2,401 ತೆಳು ಪದರಗಳಾಗಿ ಸೀಳಿ ಕಾದಿಟ್ಟರು. ಹಿಪ್ಪೊಕ್ಯಾಂಪಸ್‌ನ ಹಿಂಭಾಗದ ಸಾಕಷ್ಟು ಪಾಲು ಎರಡೂ ಕಡೆ ಉಳಿದಿತ್ತು ಅಂತ 2014ರಲ್ಲಿ ವರದಿಯಾಯಿತು. ಅದಕ್ಕೆ ಸುದ್ದಿ ತಲುಪಿಸುವ ದಾರಿ ಮಾತ್ರ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು.

ಸುಝಾನ್ ಕಾರ್ಕಿನ್ ಅಂತ ಇನ್ನೊಬ್ಬ ವಿಜ್ಞಾನಿ. ಮಿಲ್ನರ್ ಅವರ ಶಿಷ್ಯೆ. 1962ರಿಂದ ಹೆನ್ರಿ ಹೋಗುವವರೆಗೆ, 46 ವರ್ಷ ಅವರ ಜೊತೆ ಕೆಲಸ ಮಾಡಿದರು. ಪ್ರತಿ ಭೇಟಿಯಲ್ಲೂ ಹೆನ್ರಿಗೆ ಅವರು ಹೊಸಬರು. ಆದರೆ ವರ್ಷಗಳು ಕಳೆದ ಮೇಲೆ, ನಾನು ಯಾರು ಗೊತ್ತಾ ಅಂತ ಕಾರ್ಕಿನ್ ಕೇಳಿದರೆ ಹೆನ್ರಿ ಅವರ ಮುಖವನ್ನು ನೋಡಿ, ಹೈಸ್ಕೂಲಿನಲ್ಲಿ ಜೊತೆಗಿದ್ದವರಿರಬೇಕು ಅನ್ನುತ್ತಿದ್ದರು.